ಹಾಹಾದ ಅಂಚಿನ ಹುಲ್ಲು

ಗುರುವಾರ ಬೆಳಿಗ್ಗೆ ಸರ್ ಆಬ್ರಿ ಕಲ್ಲುಜಗಲಿಯ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಮುಂದೆ ಚಾಚಿ ತೋಟವನ್ನು ಅಳೆಯತೊಡಗಿದಾಗಲೇ ಗೆಥಿನ್‌ಗೆ ಏನೋ ಕೆಟ್ಟದ್ದು ಕಾದಿದೆ ಅನಿಸಿತು. ದೊಡ್ಡಮನೆಯವರು ಹೆಬ್ಬೆರಳಿನಲ್ಲಿ ಅಳೆದದ್ದನ್ನು ತೋಟದವರು ಬೆನ್ನು ಮುರಿದು ತೀರಿಸಬೇಕಾಗುತ್ತದೆ. ವಾರ್ಡೀನ್ ಹಾಲ್‌ನಲ್ಲಿ ನಲವತ್ತೊಂದು ವರ್ಷ ಮಣ್ಣು ಅಗೆದು ಮುಖ್ಯ ತೋಟಗಾರನಾದವನಿಗೆ ಇಷ್ಟೂ ತಿಳಿಯದಿದ್ದರೆ ಹೇಗೆ?

“ಗೆಥಿನ್, ಹಾಹಾದ ಅಂಚಿನಲ್ಲಿ ಅದೇನು, ಗಡ್ಡಾನಾ?”

“ಹುಲ್ಲು, ಸರ್.”

“ಹುಲ್ಲು ಅಂತ ನಂಗೂ ಕಾಣುತ್ತೆ. ಅದ್ಯಾಕೆ ಮೊಣಕಾಲುದ್ದ ಬಿಟ್ಟಿದೀಯ ಅಂತ ಕೇಳಿದ್ದು.”

ಹಾಹಾ ಎಂದರೆ ಅಲ್ಲಿ ನಗುವಲ್ಲ, ಕಂದಕ. ಮನೆಯ ಮುಂದಿನ ಹುಲ್ಲುಹಾಸು ಇಳಿಯುತ್ತ ಹೋಗಿ ಎಲ್ಲಿ ಮುಗಿಯುತ್ತದೋ ಅಲ್ಲಿ ಆರಡಿ ಆಳಕ್ಕೆ ನೆಲ ಕೊರೆದು, ಮನೆಯ ಕಡೆಗೆ ನೆಟ್ಟಗೆ ಕಲ್ಲಿನ ಗೋಡೆ ಕಟ್ಟಿ, ಆಚೆ ಬದಿಗೆ ಇಳಿಜಾರು ಬಿಟ್ಟಿದ್ದಾರೆ. ಆಚೆಯ ದನ ಈಚೆ ಬಂದು ಗುಲಾಬಿ ಮೇಯಬಾರದು. ಆದರೆ ಜಗಲಿಯಲ್ಲಿ ಕೂತು ಚಹಾ ಕುಡಿಯುವವರ ಕಣ್ಣಿಗೆ ಬೇಲಿ ಎಂಬ ಬಡತನ ಬೀಳಲೂಬಾರದು. ಜಗಲಿಯಿಂದ ನೋಡಿದರೆ ಹುಲ್ಲು ಒಂದೇ ಸಮನೆ ಹರಿದು, ಓಕ್ ಮರಗಳ ನಡುವೆ ಮೇಯುವ ಹಸುಗಳ ಗೊರಸಿನವರೆಗೂ ಹೋದಂತೆ ತೋರುತ್ತದೆ. ಗೊತ್ತಿಲ್ಲದವನು ಅಂಚಿಗೆ ಬಂದು ಥಟ್ಟನೆ ನಿಂತು “ಹಾ! ಹಾ!” ಎನ್ನುತ್ತಾನಂತೆ, ಅದಕ್ಕೇ ಆ ಹೆಸರಂತೆ. ನಿಲ್ಲದೆ ಬಿದ್ದವನು ಏನೆನ್ನುತ್ತಾನೋ ಅದನ್ನು ಹೆಸರಾಗಿ ಇಡುವ ಧೈರ್ಯ ಯಾರಿಗೂ ಬರಲಿಲ್ಲ.

ಬರುವ ಶನಿವಾರ ವಾರ್ಡೀನ್ ಹಾಲ್‌ನ ತೋಟವನ್ನು ಮೊದಲ ಸಲ ಹೊರಗಿನವರಿಗೆ ತೆರೆಯುವುದಿತ್ತು. ಸುತ್ತಲಿನ ದೊಡ್ಡ ಮನುಷ್ಯರು, ಪತ್ರಿಕೆಯ ಫೋಟೋದವನು, ಪಾದ್ರಿ, ಎಲ್ಲರೂ ಬರುವವರಿದ್ದರು. ಸರ್ ಆಬ್ರಿಗೆ ಮೂರು ವಾರದಿಂದ ಊಟ ಸೇರುತ್ತಿರಲಿಲ್ಲ.

“ಇನ್ನೂರು ವರ್ಷದ ಕಣ್ಕಟ್ಟು ಇದು. ನೀನು ಗಡ್ಡ ಬೆಳೆಸಿ ಹಾಳುಮಾಡಿದೀಯ. ನಾಳೆ ಸಂಜೆಯೊಳಗೆ ಕಲ್ಲಿನ ಅಂಚಿನವರೆಗೂ ನುಣ್ಣಗೆ ಬೋಳಿಸಿರಬೇಕು.”

“ಅಲ್ಲಿ... ಅಲ್ಲೊಂದು ಕಾಡುಹೂವು ಬಿಡುತ್ತೆ, ಸರ್. ಅಪರೂಪದ್ದು.”

“ಯಾವ ಹೂವು?”

ಸಾವಿರ ಹೂವಿನ ಹೆಸರು ಬಾಯಿಪಾಠವಿದ್ದ ಗೆಥಿನ್‌ಗೆ ಆ ಗಳಿಗೆಯಲ್ಲಿ ಒಂದೂ ನೆನಪಾಗಲಿಲ್ಲ. “ಹಳದಿದು,” ಎಂದ.

ಸರ್ ಆಬ್ರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಮೊಣಕಾಲು ನೋವಿದ್ರೆ ಹೇಳು. ಲಡ್ಲೋ ಪೇಟೆಯಿಂದ ಮೆಷಿನ್ ಇರೋರನ್ನ ಕರೆಸ್ತೀನಿ.”

“ಬೇಡ ಸರ್. ನಾನೇ ಕೊಯ್ತೀನಿ.”

ಒಂದು ಗಜ ಅಗಲದ ಆ ಹುಲ್ಲಿನ ಪಟ್ಟಿಗೆ ಮೂರು ವರ್ಷ ತುಂಬಿತ್ತು. ಅದನ್ನು ಯಾಕೆ ಬಿಟ್ಟದ್ದೆಂದು ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತಿತ್ತು. ಆ ಇಬ್ಬರೂ ಅದರ ಬಗ್ಗೆ ಇವತ್ತಿನವರೆಗೆ ಒಂದು ಮಾತೂ ಆಡಿರಲಿಲ್ಲ.

ಒಬ್ಬ ಗೆಥಿನ್. ಇನ್ನೊಬ್ಬರು ಸರ್ ಆಬ್ರಿಯ ತಾಯಿ, ಎಂಬತ್ತೆರಡರ ಲೇಡಿ ಮಿಲ್ಡ್ರೆಡ್. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಗೆಥಿನ್ ಯೂ ಎಂಬ ಗಿಡದ ನವಿಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದ. ಅವನ ಅಜ್ಜನ ಕಾಲದಿಂದ ಕತ್ತರಿಸಿ ಕತ್ತರಿಸಿ ತಿದ್ದಿದ ನವಿಲು ಅದು, ಆಳೆತ್ತರ, ತಲೆಯ ಮೇಲೆ ಜುಟ್ಟು. ಅಮ್ಮಾವ್ರು ಬಂದು ಅದರೆದುರು ನಿಂತು, “ಗೆಥಿನ್, ಹೆಂಗಸರು ಎದುರಿಗೆ ಬಂದಾಗ ಟೋಪಿ ತೆಗೀಬೇಕು ಅಂತ ನಿಮ್ಮಮ್ಮ ಹೇಳಿಕೊಡಲಿಲ್ವಾ?” ಎಂದು ನವಿಲನ್ನು ಗದರಿದರು. ಹಿಂದೆ ಕೂತಿದ್ದವನು ಮೆಲ್ಲಗೆ ಟೋಪಿ ತೆಗೆದು, “ತಪ್ಪಾಯ್ತು ಅಮ್ಮಾವ್ರೆ,” ಎಂದ. ಅವರು ತೃಪ್ತಿಯಿಂದ ತಲೆಯಾಡಿಸಿ ಹೋದರು. ಅಮ್ಮಾವ್ರಿಗೆ ಕಣ್ಣು ಹೋಗಿದೆ ಎಂದು ಅವನಿಗೆ ತಿಳಿದದ್ದು ಹಾಗೆ.

ಮನೆಯೊಳಗೆ ಯಾರಿಗೂ ಸುಳಿವಿರಲಿಲ್ಲ. ಅರವತ್ತು ವರ್ಷ ಬಾಳಿದ ಮನೆಯಲ್ಲಿ ಪ್ರತಿ ಕುರ್ಚಿಯೂ ಪ್ರತಿ ಮೆಟ್ಟಿಲೂ ಅವರಿಗೆ ಕಾಲಲ್ಲೇ ಗೊತ್ತು; ಓದುವ ಕನ್ನಡಕ ಯಾವಾಗಲೂ ‘ಎಲ್ಲೋ ಇಟ್ಟು ಮರೆತಿದ್ದೀನಿ’. ಗೊತ್ತಾದರೆ ಮುಂದೇನೆಂಬುದೂ ತೀರ್ಮಾನವಾಗಿತ್ತು. ಮಗಳು ಕಾನ್‌ಸ್ಟನ್ಸ್ ಪ್ರತಿ ಕ್ರಿಸ್‌ಮಸ್‌ಗೂ ಬಂದು, ಅಮ್ಮನಿಗೆ ಕೈಕಾಲು ಏನಾದರೂ ಸೋತರೆ ಲಂಡನ್ನಿನ ತನ್ನ ಮನೆಗೆ ಕರೆದೊಯ್ಯುವುದಾಗಿ ಹೇಳಿಹೋಗುತ್ತಿದ್ದಳು. ನಾಲ್ಕನೇ ಮಹಡಿ. “ಅಲ್ಲಿ ಒಂದೇ ಒಂದು ಗಿಡ ಇದೆ,” ಎಂದು ಅಮ್ಮಾವ್ರು ಒಮ್ಮೆ ಹೇಳಿದ್ದರು, “ಕುಂಡದಲ್ಲಿ. ಅದು ಸಾಯೋಕೆ ಕಾಯ್ತಿದೆ, ಗೆಥಿನ್. ನಾನು ಹೋದ್ರೆ ಅದಕ್ಕೊಂದು ಜೊತೆ.”

ದಿನಾ ಹನ್ನೊಂದು ಗಂಟೆಗೆ ಅವರು ಜಗಲಿಯ ಮೆಟ್ಟಿಲಿಳಿದು ಹುಲ್ಲುಹಾಸಿನಲ್ಲಿ ನೇರ ಕೆಳಗೆ, ಹಾಹಾದವರೆಗೆ ನಡೆದುಹೋಗಿ, ದನಗಳ ಸದ್ದು ಕೇಳುತ್ತ ನಿಂತು ಮರಳುತ್ತಿದ್ದರು. ಕೋಲು ಹಿಡಿದವರಲ್ಲ. ಕೋಲು ಮುದುಕಿಯರಿಗೆ! ಹೆಜ್ಜೆ ಎಣಿಸುವಾಗ ಒಂದು ಹಕ್ಕಿ ಕೂಗಿದರೂ ಲೆಕ್ಕ ತಪ್ಪೀತು. ಆದ್ದರಿಂದ ಗೆಥಿನ್ ಅಂಚಿಗೆ ಗಜದಗಲ ಹುಲ್ಲನ್ನು ಕತ್ತರಿಸದೆ ಬಿಟ್ಟ. ಹುಲ್ಲು ಬೆಳೆದ ಮೇಲೆ ಮೊದಲ ಸಲ ಅವರ ಪಾದಕ್ಕೆ ಅದು ತಾಕಿದಾಗ ಅವರು ನಿಂತು, ಷೂ ತುದಿಯಿಂದ ಎರಡು ಸಲ ಸವರಿ ನೋಡಿದರು. ಮರುದಿನ ಗುಲಾಬಿ ಪಾತಿಯ ಬಳಿ ಹಾದುಹೋಗುತ್ತ, “ಈ ವರ್ಷ ಹುಲ್ಲು ಚೆನ್ನಾಗಿದೆ, ಗೆಥಿನ್,” ಎಂದರು.

“ಹೌದು, ಅಮ್ಮಾವ್ರೆ.”

ಅಷ್ಟೆ. ನಮ್ಮ ಈ ಸೀಮೆಯ ಜನವೇ ಹೀಗೆ. ಮನೆಗೆ ಬೆಂಕಿ ಬಿದ್ದರೂ ‘ಇವತ್ತು ಸ್ವಲ್ಪ ಸೆಖೆ ಅಲ್ವೇ’ ಎನ್ನುತ್ತಾರೆಯೇ ಹೊರತು ನೀರು ತನ್ನಿ ಎಂದು ಕೂಗುವವರಲ್ಲ.

ಶುಕ್ರವಾರ ಗೆಥಿನ್ ಉದ್ದ ಹಿಡಿಯ ಕುಡುಗೋಲನ್ನು ಮಸೆದುಕೊಂಡು ಹೋದ. ಹುಲ್ಲು ಸರ್ರನೆ ಮಲಗುತ್ತ ಹೋಯಿತು. ಪ್ರತಿ ಬೀಸಿಗೂ ಅವನಿಗೆ ಮೆಟ್ಟಿಲು ಕಿತ್ತುಹಾಕುತ್ತಿದ್ದೇನೆ ಅನಿಸಿತು. ಹೇಳಿದರೆ ಅಮ್ಮಾವ್ರು ಲಂಡನ್ನಿಗೆ, ಹೇಳದಿದ್ದರೆ ಕಂದಕಕ್ಕೆ. ಅತ್ತ ದರಿ ಇತ್ತ ಪುಲಿ ಎಂದರೆ ಇದೇ. ಒಂದೇ ಸಮಾಧಾನವೆಂದರೆ ಅವರು ಲಡ್ಲೋದಲ್ಲಿರುವ ತಂಗಿಯ ಮನೆಗೆ ಹೋಗಿದ್ದರು, ಬರುವುದು ಭಾನುವಾರ ಸಂಜೆಗೆ. ಅಷ್ಟರಲ್ಲಿ ಗೇಟಿನ ಬಳಿಯೇ ಕಾದು ನಿಂತು ಕಿವಿಯಲ್ಲಿ ಒಂದು ಮಾತು ಹಾಕಿದರಾಯಿತು. ಆದರೂ ಮನಸ್ಸು ತಡೆಯದೆ, ಕತ್ತರಿಸಿದ ಅಂಚಿನಗುಂಟ ಸಣ್ಣ ಗೂಟ ನೆಟ್ಟು ಪಾದದೆತ್ತರಕ್ಕೆ ಹುರಿ ಕಟ್ಟಿ ಬಂದ.

ಅಂದು ಸಂಜೆ ಅಡುಗೆಮನೆಯ ಮೇಜಿನ ಮೇಲೆ ಚೀಟಿ ಬರೆಯಲು ಕೂತ. ‘ಅಮ್ಮಾವ್ರೆ, ಹಾಹಾದ ಹುಲ್ಲು ತೆಗೆದಿದ್ದೇನೆ, ದಯವಿಟ್ಟು’ ಎಂಬಲ್ಲಿಗೆ ಬಂದಾಗ ಪೆನ್ಸಿಲ್ ನಿಂತಿತು. ಓದುವವರು ಯಾರು? ಕೆಲಸದ ಹುಡುಗಿ ಗಟ್ಟಿಯಾಗಿ ಓದಿ ಹೇಳುತ್ತಾಳೆ, ಮನೆಯೆಲ್ಲ ಕೇಳಿಸಿಕೊಳ್ಳುತ್ತದೆ. ಚೀಟಿಯನ್ನು ಮುದ್ದೆಮಾಡಿ ಒಲೆಗೆ ಹಾಕಿದ.

ಅವನ ಹೆಂಡತಿ ಎಡ್ನಾ ನಾಳೆ ಚಹಾದ ಜೊತೆ ಕೊಡುವ ನೂರಾರು ಸ್ಕೋನ್ ಬನ್ನುಗಳಿಗೆ ಹಿಟ್ಟು ಕಲಸುತ್ತಿದ್ದಳು. “ಯಾರಿಗಪ್ಪಾ ಪ್ರೇಮಪತ್ರ?”

“ಯಾರಿಗೂ ಇಲ್ಲ.”

“ಸ್ವಲ್ಪ ನಗು ಮಾರಾಯ. ನಾಳೆ ಫೋಟೋ ತೆಗಿಯೋರು ಬರ್ತಾರೆ. ಮೂವತ್ತೈದು ವರ್ಷದಲ್ಲಿ ನೀನು ನಕ್ಕಿದ್ದು ಒಂದೇ ಸಲ, ಅದೂ ನಮ್ಮ ಮದುವೇಲಿ ಪಾದ್ರಿ ಎಡವಿ ಬಿದ್ದಿದ್ದಕ್ಕೆ.”

ಗೆಥಿನ್ ನಗಲಿಲ್ಲ. ಬೀಳುವ ಮಾತೇ ಅವನಿಗೆ ಬೇಡವಾಗಿತ್ತು.

ಶನಿವಾರ ಒಂಬತ್ತಕ್ಕೇ ಸರ್ ಆಬ್ರಿ ಹುರಿಯನ್ನು ಕಂಡರು. “ಇದೇನಿದು, ಬಟ್ಟೆ ಒಣಹಾಕೋಕಾ?” ಎಂದು ಗೂಟಗಳನ್ನು ತಾವೇ ಕಿತ್ತೆಸೆದರು. ಗೆಥಿನ್ ಬಾಯಿ ತೆರೆದ. ಹೇಳಿಬಿಡಬೇಕೆಂದು ನಾಲಿಗೆಯ ತುದಿಯವರೆಗೆ ಬಂತು. ಬಿಸಿತುಪ್ಪ, ನುಂಗುವಂತಿಲ್ಲ ಉಗುಳುವಂತಿಲ್ಲ. ಭಾನುವಾರದವರೆಗೆ ತಾನೆ, ಎಂದು ನುಂಗಿದ.

ಹತ್ತೂವರೆಗೆ ಗುಲಾಬಿ ಪಾತಿಯ ಬಳಿ ಎಡ್ನಾ ತಟ್ಟೆ ಹೊತ್ತುಕೊಂಡು ಹಾದುಹೋದಳು. “ಇನ್ನೊಂದು ಬಟ್ಟಲು ಇಡಬೇಕು. ಅಮ್ಮಾವ್ರು ಇವತ್ತೇ ಬರ್ತಿದಾರೆ. ಲಡ್ಲೋದಿಂದ ಫೋನ್ ಬಂದಿತ್ತು. ಇಷ್ಟು ದೊಡ್ಡ ದಿನ ತಂಗಿ ಮನೇಲಿ ಹೆಂಗೆ ಕೂತ್ಕೊಳ್ಳಲಿ ಅಂದ್ರಂತೆ.”

“ಎಷ್ಟೊತ್ತಿಗೆ ಹೊರಟ್ರು?”

“ಆಗ್ಲೇ ಹೊರಟ್ರು. ಯಾಕೆ, ಮುಖ ಯಾಕೆ ಹಂಗಾಯ್ತು?”

ಗೆಥಿನ್ ಕೈಯಲ್ಲಿದ್ದ ಕತ್ತರಿಯನ್ನು ಪಾತಿಯಲ್ಲೇ ಬಿಟ್ಟು ಮುಂದಿನ ಗೇಟಿನ ಕಡೆ ನಡೆದ. ಓಡಲು ಮೊಣಕಾಲು ಒಪ್ಪುತ್ತಿರಲಿಲ್ಲ. ಇಪ್ಪತ್ತು ಹೆಜ್ಜೆ ಹೋಗಿರಬಹುದು, ಸರ್ ಆಬ್ರಿ ತೋಳು ಹಿಡಿದು ನಿಲ್ಲಿಸಿದರು. ಜೊತೆಯಲ್ಲಿ ಬಂಡಿಗಾಲಿಯಷ್ಟಗಲದ ಟೋಪಿ ಹಾಕಿದ ಮಿಸೆಸ್ ಪ್ಲಾಕೆಟ್, ಊರಿನ ಎಲ್ಲ ಸಮಿತಿಗಳ ಅಧ್ಯಕ್ಷೆ.

“ನಮ್ಮ ಗೆಥಿನ್ ಹೇಳ್ತಾನೆ ಕೇಳಿ, ಈ ಬಿಳಿ ಗುಲಾಬಿ ಎಲ್ಲಿಂದ ಬಂತು ಅಂತ.”

“ಸರ್, ಒಂದ್ನಿಮಿಷ ಗೇಟಿನ ಹತ್ರ...”

“ಗೇಟು ಎಲ್ಲೂ ಓಡಿಹೋಗಲ್ಲ.”

ಗೆಥಿನ್ ಹೇಳಿದ. ಯಾವ ಗುಲಾಬಿ, ಯಾವ ಕಸಿ, ಯಾವ ಗೊಬ್ಬರ, ಏನು ಹೇಳಿದನೋ ದೇವರಿಗೇ ಗೊತ್ತು. ಮಿಸೆಸ್ ಪ್ಲಾಕೆಟ್ ಹುಳದ ಬಗ್ಗೆ ಕೇಳಿದರು. ಎಲೆಯ ಕಪ್ಪು ಚುಕ್ಕೆಯ ಬಗ್ಗೆ ಕೇಳಿದರು. ತಮ್ಮ ಮನೆಯ ಗುಲಾಬಿಯ ಇಡೀ ಕಾಯಿಲೆಯ ಚರಿತ್ರೆ ಹೇಳಿದರು. ಗೆಥಿನ್‌ನ ಕಿವಿಯೆಲ್ಲ ಕಾರಿನ ಸದ್ದಿನ ಮೇಲಿತ್ತು. ಆದರೆ ಆ ಮಾತಿನ ಭರದಲ್ಲಿ ಕಾರು ಬಂದದ್ದೇ ಕೇಳಿಸಲಿಲ್ಲ. ಕಡೆಗೆ ಇಬ್ಬರೂ ಜಗಲಿಗೆ ಮರಳಿದಾಗ ಲಾಯದ ಗಡಿಯಾರ ಹನ್ನೊಂದು ಹೊಡೆಯಿತು.

ಅವನು ತಿರುಗಿ ನೋಡಿದ. ಬೂದು ಬಣ್ಣದ ಉಡುಪು, ತೋಳಲ್ಲಿ ತೂಗುವ ಮಡಿಸಿದ ಕೊಡೆ. ಅಮ್ಮಾವ್ರು ಆಗಲೇ ಹುಲ್ಲುಹಾಸಿನ ನಡುವೆ ಇದ್ದರು, ಮದುವೆ ಮಂಟಪಕ್ಕೆ ನಡೆಯುವಂತೆ ತಲೆಯೆತ್ತಿ ನೇರ ಹೋಗುತ್ತಿದ್ದರು.

ಜಗಲಿಯ ಮೇಲೆ ನಲವತ್ತು ಜನ ಬಟ್ಟಲು ಹಿಡಿದು ನೋಡುತ್ತಿದ್ದರು. “ಈ ವಯಸ್ಸಲ್ಲೂ ಎಂಥ ನಡಿಗೆ!” ಎಂದು ಯಾರೋ ಹೊಗಳಿದ್ದು ಗೆಥಿನ್‌ಗೆ ಕೇಳಿಸಿತು. ಅವನು ಕುಂಟುತ್ತ ಓಡಿದ. ನಡುವೆ ಬಾಕ್ಸ್ ಎಂಬ ಪೊದೆಗಿಡದ ಬೇಲಿಗಳು, ಸುತ್ತಿ ಸುತ್ತಿ ಹೋಗುವ ಹಾದಿ. ಅವನೇ ದಾರ ಹಿಡಿದು ತಿದ್ದಿದ ಬೇಲಿಗಳು ಇವತ್ತು ಅವನನ್ನೇ ಅಡ್ಡಗಟ್ಟಿದವು. ಅವನಿಗೂ ಅವರಿಗೂ ನೂರು ಗಜ. ಅವರಿಗೂ ಅಂಚಿಗೂ ಹತ್ತು ಹೆಜ್ಜೆ.

ನಿಲ್ಲಿ ಎಂದು ಕೂಗಿದರೆ ನಲವತ್ತು ಜನಕ್ಕೂ ಗೊತ್ತಾಗುತ್ತದೆ. ಹೆಸರು ಹಿಡಿದು ಕೂಗಿದರೆ ಅವರು ನಿಲ್ಲದೆ, ನಡೆಯುತ್ತಲೇ ತಿರುಗಿ ಕೈಬೀಸುತ್ತಾರೆ, ಅದು ಅವರ ರೂಢಿ. ಆರು ಹೆಜ್ಜೆ. ಅವರು ಕಾಲಿಗೆ ಉದ್ದ ಹುಲ್ಲು ತಾಕುವುದನ್ನೇ ನಂಬಿಕೊಂಡು ನಡೆಯುತ್ತಿದ್ದಾರೆ, ಆ ಹುಲ್ಲನ್ನು ತಾನು ನಿನ್ನೆ ಕೈಯಾರೆ ಕೊಯ್ದಿದ್ದೇನೆ. ಮೂರು ಹೆಜ್ಜೆ.

“ಹಾ ಹಾ!”

ಗೆಥಿನ್ ಎದೆ ಬಿರಿಯುವಂತೆ ಕೂಗಿದ. “ಹಾ ಹಾ! ಹಾ ಹಾ ಹಾ!”

ಜಗಲಿಯ ಮೇಲೆ ಮಾತೆಲ್ಲ ನಿಂತಿತು. ಅಡುಗೆಮನೆಯ ಕಿಟಕಿಯಲ್ಲಿ ಎಡ್ನಾಳ ಮುಖ ಕಾಣಿಸಿತು. ಕೆಲಸದ ನಲವತ್ತೊಂದು ವರ್ಷದಲ್ಲಿ ದೊಡ್ಡಮನೆಯವರೆದುರು ಹಲ್ಲು ತೋರದ ತೋಟಗಾರ ಬೇಲಿಯ ನಡುವೆ ನಿಂತು, ಮುದಿ ಅಮ್ಮಾವ್ರತ್ತ ಮುಖ ಮಾಡಿ, ಕೆಂಪು ಕೆಂಪಾಗಿ ಗಹಗಹಿಸುತ್ತಿದ್ದ.

ಅಮ್ಮಾವ್ರ ಎತ್ತಿದ ಕಾಲು ಎತ್ತಿದಂತೆಯೇ ನಿಂತಿತು. ಒಂದು ಗಳಿಗೆ. ಆಮೇಲೆ ಆ ಕಾಲು ಮೆಲ್ಲಗೆ ಮುಂದಿನ ನೆಲವನ್ನು ತಡವಿತು. ನೆಲವಿರಲಿಲ್ಲ. ಕಾಲು ಹಿಂದಕ್ಕೆ ಬಂತು. ಅವರು ನೆಟ್ಟಗೆ ತಿರುಗಿ, ಮುಖವೆತ್ತಿ, ನಡುಗುವ ದನಿಯಲ್ಲಿ, “ಹಾ ಹಾ, ಗೆಥಿನ್,” ಎಂದರು.

ಸರ್ ಆಬ್ರಿ ದಾಪುಗಾಲಿಡುತ್ತ ಇಳಿದು ಬಂದರು. ಗೆಥಿನ್ ಎರಡೂ ಕೈಯಲ್ಲಿ ಬೇಲಿ ಹಿಡಿದುಕೊಂಡಿದ್ದ.

“ನನ್ನ ತಾಯಿನ ನೋಡಿ ನಕ್ಕೆಯಾ?”

“ಹೌದು, ಸರ್.”

“ಇಷ್ಟು ಜನದ ಮುಂದೆ? ಯಾಕೆ?”

ಗೆಥಿನ್ ಸುಳ್ಳು ಹುಡುಕಿದ. ಹಳದಿ ಹೂವೂ ಸಿಗಲಿಲ್ಲ. “ನಗು ಬಂತು, ಸರ್.”

“ಕುಡಿದಿದೀಯ. ಸೋಮವಾರದೊಳಗೆ ಮನೆ ಖಾಲಿ ಮಾಡು. ನೀನೂ ಎಡ್ನಾನೂ.”

ಗೆಥಿನ್ ತಲೆತಗ್ಗಿಸಿದ. ಅವನಿಗೆ ದುಃಖಕ್ಕಿಂತ ಹೆಚ್ಚಾಗಿ ನಿರಾಳವೇ ಆಗಿತ್ತು. ಅಮ್ಮಾವ್ರು ಅಷ್ಟರಲ್ಲಿ ದನಿಗಳ ಜಾಡು ಹಿಡಿದು ಹತ್ತಿಬಂದಿದ್ದರು. ಮಗನ ಹಿಂದೆ ಗಡಿಬಿಡಿಯಲ್ಲಿ ಇಳಿದುಬಂದಿದ್ದ ಮಿಸೆಸ್ ಪ್ಲಾಕೆಟ್‌ರ ದೊಡ್ಡ ಟೋಪಿಯ ನೆರಳಿನ ಎದುರು ನಿಂತು, “ಆಬ್ರಿ, ಅವನನ್ನ ಬಿಡು,” ಎಂದರು.

ಮಿಸೆಸ್ ಪ್ಲಾಕೆಟ್ ಗಲಿಬಿಲಿಯಿಂದ ಸರ್ ಆಬ್ರಿಯತ್ತ ನೋಡಿದರು.

“ನಾನು ಈಗ ಯಾರ ಹತ್ತಿರ ಮಾತಾಡಿದೆ?” ಎಂದು ಅಮ್ಮಾವ್ರು ಕೇಳಿದರು. ಸ್ವರ ಮೆತ್ತಗಾಗಿತ್ತು.

“ಮಿಸೆಸ್ ಪ್ಲಾಕೆಟ್ ಹತ್ತಿರ, ಅಮ್ಮ.”

“ಹಾಗಾದ್ರೆ ನೀನೆಲ್ಲಿದೀಯ ಕಂದಾ? ನಿನ್ನ ಮುಖ ನೋಡಿ ಮೂರು ವರ್ಷ ಆಯ್ತು.”

ಸರ್ ಆಬ್ರಿ ತಾಯಿಯನ್ನು ನೋಡಿದರು. ಆಮೇಲೆ ಹುಲ್ಲುಹಾಸಿನಲ್ಲಿ ಇಳಿದು ಅಂಚಿನವರೆಗೆ ಹೋದರು. ಅಲ್ಲಿ ಕಲ್ಲಿನ ತುದಿಯಲ್ಲಿ ಹುಲ್ಲಿನ ಹೆಂಟೆಯೊಂದು ಜಗ್ಗಿ ಹೊರಕ್ಕೆ ಬಾಗಿತ್ತು, ಅದರ ಮೇಲೆ ಅರ್ಧ ಷೂವಿನ ಗುರುತು. ಇನ್ನರ್ಧಕ್ಕೆ ನೆಲವೇ ಇರಲಿಲ್ಲ. ಅವರು ಅಲ್ಲೇ ಕುಕ್ಕರಿಸಿ ಬಹಳ ಹೊತ್ತು ಕೂತರು. ಮರಳಿ ಬಂದಾಗ ಮುಖ ಸುಣ್ಣದಂತಿತ್ತು.

“ನಿಂಗೆ ಗೊತ್ತಿತ್ತು,” ಎಂದರು ಗೆಥಿನ್‌ಗೆ. “ಗುರುವಾರವೂ ಗೊತ್ತಿತ್ತು. ನಿನ್ನೆ ಕುಡುಗೋಲು ಹಿಡಿದಾಗಲೂ ಗೊತ್ತಿತ್ತು. ಬಾಯಿ ಬಿಡಲಿಲ್ಲ ನೀನು.”

“ತಪ್ಪಾಯ್ತು, ಸರ್,” ಎಂದ ಗೆಥಿನ್. ಅದು ಸುಳ್ಳಾಗಿರಲಿಲ್ಲ. ಅವನು ಅತ್ತೇಬಿಟ್ಟ, ಎಲ್ಲರೆದುರೇ. ಒಂದೇ ದಿನ ತೋಟಗಾರ ನಕ್ಕದ್ದನ್ನೂ ಅತ್ತದ್ದನ್ನೂ ಕಂಡವರು ಊರಲ್ಲಿ ಇವತ್ತಿಗೂ ಹೇಳಿಕೊಳ್ಳುತ್ತಾರೆ.

“ಅವನೊಬ್ಬನೇ ಅಲ್ಲ, ನಾನೂ ಬಾಯಿ ಬಿಡಲಿಲ್ಲ,” ಎಂದರು ಅಮ್ಮಾವ್ರು. “ಕಾನ್‌ಸ್ಟನ್ಸ್‌ಗೆ ಹೇಳ್ತೀಯೇನೋ?”

ಸರ್ ಆಬ್ರಿ ತೋಟಗಾರನ ಕಡೆ ತಿರುಗಿದರು. “ಗೆಥಿನ್, ಆ ಹುಲ್ಲು ಮತ್ತೆ ಕಾಲಿಗೆ ತಾಕೋವಷ್ಟು ಬೆಳೆಯೋಕೆ ಎಷ್ಟು ದಿನ ಬೇಕು?”

“ಮೂರು ವಾರ, ಸರ್. ಮಳೆ ಬಂದ್ರೆ.”

“ಮನೆ ಖಾಲಿ ಮಾಡೋದು ಬೇಡ. ಹುಲ್ಲು ಬೆಳೆಯೋವರೆಗೆ ದಿನಾ ಹನ್ನೊಂದಕ್ಕೆ ಅಮ್ಮನ ಜೊತೆ ನಾನೇ ಬರ್ತೀನಿ. ಕಾನ್‌ಸ್ಟನ್ಸ್‌ಗೆ ಬರೆಯೋ ಮಾತು ಆಮೇಲೆ ನೋಡೋಣ.”

ಮೊದಲ ದಿನಗಳಲ್ಲಿ ಸರ್ ಆಬ್ರಿ ಒಂದು ತೋಳು ತಾಯಿಗೆ ಕೊಟ್ಟು ಇನ್ನೊಂದು ತೋಳಿನ ಗಡಿಯಾರ ನೋಡುತ್ತ ಬರುತ್ತಿದ್ದರು. ಎರಡನೇ ವಾರ ಗಡಿಯಾರ ಮರೆತರು. ಅಂಚಿನಲ್ಲಿ ನಿಂತು ಯಾವ ಹಸು ಕರು ಹಾಕಿದೆ, ಯಾವುದು ಕುಂಟುತ್ತಿದೆ ಎಂದು ಮಗ ಹೇಳುತ್ತಿದ್ದರು. ಯಾವ ಓಕ್ ಮರವನ್ನು ಯಾರು ನೆಟ್ಟರೆಂದು ತಾಯಿ ಹೇಳುತ್ತಿದ್ದರು. ಒಂದು ದಿನ ಇಬ್ಬರೂ ಜೋರಾಗಿ ಜಗಳವಾಡಿ ಇಬ್ಬರೂ ನಗುತ್ತ ಮರಳಿದ್ದನ್ನು ಗೆಥಿನ್ ಯೂ ನವಿಲಿನ ಮರೆಯಿಂದ ನೋಡಿದ. ಆದರೆ ಅವನ ಕಣ್ಣು ಹೆಚ್ಚಾಗಿ ಹುಲ್ಲಿನ ಮೇಲೇ ಇರುತ್ತಿತ್ತು. ಒಂದು ಬೆರಳು. ಎರಡು ಬೆರಳು. ಹಿಮ್ಮಡಿಯೆತ್ತರ. ಹುಲ್ಲು ಬೆಳೆದಷ್ಟೂ ಅವನ ನಿದ್ದೆ ಕಡಿಮೆಯಾಯಿತು.

ಮೂರನೇ ವಾರದ ಸೋಮವಾರ ಬೆಳಿಗ್ಗೆ, ಯಾರೂ ಹೇಳದೆ, ಯಾರನ್ನೂ ಕೇಳದೆ, ಅವನು ಕುಡುಗೋಲು ಮಸೆದುಕೊಂಡು ಹೋಗಿ ಕಲ್ಲಿನ ಅಂಚಿನವರೆಗೂ ನುಣ್ಣಗೆ ಬೋಳಿಸಿ ಬಂದ. ಮತ್ತೆ ಮೂರು ವಾರಕ್ಕೆ ಮತ್ತೆ ಬೋಳಿಸಿದ.

ಸೆಪ್ಟೆಂಬರಿನಲ್ಲಿ ಒಂದು ದಿನ ಜಡಿಮಳೆ. ಹನ್ನೊಂದು ಗಂಟೆಗೆ ತಾಯಿ ಮಗ ಒಂದೇ ಕೊಡೆಯಡಿ ಬಂದು ಅಂಚಿನಲ್ಲಿ ನಿಂತರು. ಗೆಥಿನ್ ಕೊಯ್ದ ಹುಲ್ಲಿನ ಕೊನೆಯ ಹಿಡಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಅವನ ಟೋಪಿಯ ಅಂಚಿನಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು.

“ಈ ಹುಲ್ಲು ಯಾಕೋ ಬೆಳೀತಾನೇ ಇಲ್ವಲ್ಲ, ಗೆಥಿನ್,” ಎಂದರು ಸರ್ ಆಬ್ರಿ, ಬೋಳು ಅಂಚನ್ನೂ ಅವನ ಬೆನ್ನ ಹಿಂದಿನ ಕೈಯನ್ನೂ ನೋಡುತ್ತ.

“ಮಳೆ ಸಾಲದು, ಸರ್.”

ಅಮ್ಮಾವ್ರು ಮೂಗೆತ್ತಿ ಗಾಳಿಯನ್ನು ಎಳೆದುಕೊಂಡರು. ಈಗಷ್ಟೇ ಕೊಯ್ದ ಹಸಿಹುಲ್ಲಿನ ವಾಸನೆಗೆ ಕಣ್ಣು ಬೇಕಿಲ್ಲ. ಅವರು ಮಗನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

“ಹೌದು ಕಣೋ ಆಬ್ರಿ,” ಎಂದರು. “ಈ ವರ್ಷ ಭಾರೀ ಬರ.”